ಓಡದ ಕಾರಿನ ಆಯಿಲ್

ಗೇಟು ದಾಟುವಾಗ ಶಾಂಭವಿ ಬೇಕೆಂದೇ ಬ್ರೇಕನ್ನು ಒರಟಾಗಿ ತುಳಿದಳು. ಕಾರು ಮುಗ್ಗರಿಸಿದಂತಾಗಿ ನಿಂತಿತು. ಪಕ್ಕದ ಸೀಟಿನಲ್ಲಿದ್ದ ಗಂಡ ವೀರೇಂದ್ರನ ತಲೆ ಮುಂದಕ್ಕೆ ವಾಲಿ ಹಿಂದಕ್ಕೆ ಬಂತು. ‘ಮೆಲ್ಲಗೆ ಮಾರಾಯ್ತಿ. ಇದು ನಿನ್ನ ಕಾಲೇಜಿಗೆ ಹೋಗೋ ಸಣ್ಣ ಕಾರಲ್ಲ. ಪಾದ ಇಟ್ಟರೆ ಸಾಕು, ತುಳೀಬಾರ್ದು,’ ಅಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ, ಕಲಿಸಿಕೊಡುವವನ ಸಮಾಧಾನವಿತ್ತು. ‘ಗೊತ್ತಾಗ್ಲಿಲ್ಲ ರೀ,’ ಎಂದಳು. ಆ ಮಾತು ಎಷ್ಟು ಸಲೀಸಾಗಿ ಬಾಯಿಂದ ಬಂತೆಂದು ಅವಳಿಗೇ ನಾಚಿಕೆಯಾಯಿತು. ಎದುರು ಮನೆಯ ಹಾಲಮ್ಮ ಅಂಗಳ ಗುಡಿಸುವುದನ್ನು ನಿಲ್ಲಿಸಿ ನೋಡಿದಳು. ಪ್ರತಿ ಗುರುವಾರ ಮಧ್ಯಾಹ್ನ ಇದೇ ಗೇಟಿನಿಂದ ಇದೇ ಕಾರು ಎಲ್ಲೂ ತಡವರಿಸದೆ ನುಣ್ಣಗೆ ಹೊರಗೆ ಬರುವುದನ್ನು ನೋಡಿದ್ದ ಹೆಂಗಸು ಅವಳು. ಇವತ್ತಿನ ತಡವರಿಕೆ ಯಾಕೆಂದು ಅವಳಿಗೆ ಗೊತ್ತಾಗಿರಬೇಕು. ಮುಖ ತಗ್ಗಿಸಿ ಮತ್ತೆ ಗುಡಿಸತೊಡಗಿದಳು. ನಕ್ಕಿದ್ದರೂ ಶಾಂಭವಿಗೆ ಇಷ್ಟು ಕಸಿವಿಸಿಯಾಗುತ್ತಿರಲಿಲ್ಲ.

ಏಳು ವರ್ಷದ ಹಿಂದೆ ವೀರೇಂದ್ರ ಈ ಕಾರನ್ನು ತಂದಾಗ ಶಿವಮೊಗ್ಗದ ವಿನೋಬನಗರದ ಆ ರಸ್ತೆಯ ಜನ ನಿಂತು ನೋಡಿದ್ದರು. ಕಡುನೀಲಿ ಬಣ್ಣದ ಜರ್ಮನ್ ಕಾರು. ನಿಂತಲ್ಲಿಂದ ನೂರರ ವೇಗ ಮುಟ್ಟಲು ಆರು ಸೆಕೆಂಡು ಸಾಕು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಇಪ್ಪತ್ತು ವರ್ಷ ಟೈಲ್ಸ್ ಅಂಗಡಿಯ ಧೂಳಿನಲ್ಲಿ ನಿಂತವನು ತನಗೆಂದೇ ಕೊಂಡುಕೊಂಡ ಒಂದೇ ವಸ್ತು ಅದು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅವನ ನೋಟದ ನಟ್ಟನಡುವೆ ಒಂದು ಮಬ್ಬು ಬಂದು ಕೂತಿತು. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣಿನಲ್ಲೂ ಸ್ವಲ್ಪ. ಅಂಚಿನದೆಲ್ಲ ಕಾಣುತ್ತದೆ, ನಡುವಿನದು ಕಾಣುವುದಿಲ್ಲ. ಯಾರದಾದರೂ ಮುಖ ನೋಡಬೇಕೆಂದರೆ ಅವರ ಕಿವಿಯ ಕಡೆ ನೋಡಬೇಕು. ಅಕ್ಷರವಾಗಲಿ ಅಂಕಿಯಾಗಲಿ ಹಿಡಿತಕ್ಕೆ ಸಿಗುವುದಿಲ್ಲ. ಅಂಗಡಿಯನ್ನು ತಮ್ಮ ರೇಣುಕಾಪ್ರಸಾದ್ ನೋಡಿಕೊಳ್ಳತೊಡಗಿದ. ಕಾರು ಶೆಡ್ಡಿನಲ್ಲಿ ನಿಂತಿತು. ‘ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಹದಿನೈದು ನಿಮಿಷ ಬಿಡು. ರಸ್ತೆಗೆ ಮಾತ್ರ ಇಳಿಸ್ಬೇಡ. ಗೇರ್ ಆಯಿಲ್ ಬದಲಾಯಿಸದೆ ಈ ಗಾಡಿ ಓಡಿಸಬಾರ್ದು,’ ಎಂದು ವೀರೇಂದ್ರ ಅವಳಿಗೆ ಹೇಳಿದ್ದ. ಕಂಪನಿಯ ಪುಸ್ತಕದಲ್ಲಿ ಅರವತ್ತು ಸಾವಿರ ಕಿಲೋಮೀಟರಿಗೆ ಎಂದು ಬರೆದಿತ್ತು. ಕಾರು ಓಡಿದ್ದು ಹತ್ತು ಸಾವಿರವೂ ಇಲ್ಲ. ಓಡಲಿ ಬಿಡಲಿ ವರ್ಷ ಕಳೆದ ಹಾಗೆ ಆಯಿಲ್ ಕೆಡುತ್ತದೆ ಎಂದು ಅವನ ವಾದ; ಕೆಡುವುದಿಲ್ಲ, ಸುಮ್ಮನೆ ಖರ್ಚು ಎಂದು ತಮ್ಮನ ವಾದ. ಊಟಕ್ಕೆ ಕೂತಾಗಲೆಲ್ಲ ಈ ಚರ್ಚೆ ನಡೆಯುತ್ತಿತ್ತು, ಮುಗಿಯುತ್ತಿರಲಿಲ್ಲ. ಅದು ಮುಗಿಯುವುದು ಅವನಿಗೆ ಬೇಕಿಲ್ಲ ಎಂದು ಶಾಂಭವಿಗೆ ನಿಧಾನವಾಗಿ ತಿಳಿಯಿತು. ಆಯಿಲ್ ಬದಲಾಯಿಸುವವರೆಗೆ ಕಾರನ್ನು ಯಾರೂ ಓಡಿಸಿಕೊಂಡು ಹೋಗುವಂತಿಲ್ಲ. ಅಲ್ಲಿಯವರೆಗೆ ಅದು ಅವನೇ ಇಳಿದು ಬೀಗ ಹಾಕಿ ಬಂದ ಕಾರು.

ಅವಳು ಮೊದಲ ಸಲ ಅದನ್ನು ಹೊರಗೆ ತೆಗೆದದ್ದು ಒಂದು ಗುರುವಾರ. ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡುವ ಅವಳಿಗೆ ಗುರುವಾರ ಮಧ್ಯಾಹ್ನ ಕ್ಲಾಸಿಲ್ಲ. ವೀರೇಂದ್ರ ತಮ್ಮನ ಜೊತೆ ಅಂಗಡಿಗೆ ಹೋಗಿ ಕೂತು ಸಂಜೆ ಬರುತ್ತಿದ್ದ. ಮಗಳು ರಶ್ಮಿ ದಾವಣಗೆರೆಯ ಹಾಸ್ಟೆಲಿನಲ್ಲಿ. ಅವಳು ಶೆಡ್ಡಿನಲ್ಲಿ ಎಂಜಿನ್ ಹಚ್ಚಿ, ಹದಿನೈದು ನಿಮಿಷ ಎಣಿಸುತ್ತ ಸ್ಟಿಯರಿಂಗ್ ಮೇಲೆ ಕೈಯಿಟ್ಟು ಕೂತಿದ್ದಳು. ಗೇಟಿನ ತನಕ ಬಂದದ್ದು ನೆನಪಿದೆ. ಆಮೇಲೆ ನೆನಪಿರುವುದು ಸಾಗರದ ರಸ್ತೆ, ತ್ಯಾವರೆಕೊಪ್ಪದ ಸಿಂಹಧಾಮದ ಬೋರ್ಡು, ಹಿಂದಿರುಗುವಾಗ ತಾನೊಬ್ಬಳೇ ಗಟ್ಟಿಯಾಗಿ ನಗುತ್ತಿದ್ದದ್ದು. ಆಮೇಲಿನ ಗುರುವಾರಗಳಲ್ಲಿ ಸಕ್ರೆಬೈಲು, ಸೋಗಾನೆಯ ಹೊಸ ವಿಮಾನ ನಿಲ್ದಾಣದ ಕಡೆಗೆ ಹೋಗುವ ಅಗಲ ರಸ್ತೆ. ಎಲ್ಲಿಯೂ ಇಳಿಯುತ್ತಿರಲಿಲ್ಲ. ಹೋಗಿ, ತಿರುಗಿಸಿ, ಬರುವುದಷ್ಟೆ. ಪೆಟ್ರೋಲನ್ನು ತಾನೇ ಹಾಕಿಸುತ್ತಿದ್ದಳು. ಸೀಟನ್ನು ಮೊದಲಿದ್ದಲ್ಲಿಗೇ ಸರಿಸುತ್ತಿದ್ದಳು. ತಿಂಗಳ ಮೊದಲ ಭಾನುವಾರ ವೀರೇಂದ್ರ ಶೆಡ್ಡಿಗೆ ಬಂದು ಬಾನೆಟ್ಟಿನ ಮೇಲೆ ಕೈಯಾಡಿಸಿ, ‘ಎಷ್ಟಾಗಿದೆ ನೋಡು,’ ಅನ್ನುವನು. ಅವಳು ಒಳಗೆ ಬಗ್ಗಿ ಓದುವಳು. ಮೊದಲ ತಿಂಗಳು ಸುಳ್ಳು ಹೇಳುವಾಗ ಅಂಕಿಯನ್ನು ಎರಡು ಸಲ ತಡವರಿಸಿದ್ದಳು. ಆಮೇಲೆ ಅದಕ್ಕೊಂದು ಕ್ರಮ ಬಂತು: ಟೈರು ಕೆಡಬಾರದೆಂದು ವೀರೇಂದ್ರನ ಒಪ್ಪಿಗೆಯಿಂದಲೇ ರೇಣುಕಾಪ್ರಸಾದ್ ಬಡಾವಣೆಯೊಳಗೆ ಒಂದೆರಡು ಸಲ ಹೊರಳಿಸಿ ತರುವುದಕ್ಕೆಂದು ತಿಂಗಳಿಗೆ ಏಳು ಕಿಲೋಮೀಟರು ಸೇರಿಸುವುದು. ಒಂಬತ್ತು ಸಾವಿರದ ಆರುನೂರ ಮೂವತ್ತಮೂರು. ಒಂಬತ್ತು ಸಾವಿರದ ಆರುನೂರ ನಲವತ್ತು. ಕಣ್ಣೆದುರಿಗಿದ್ದ ನಿಜವಾದ ಅಂಕಿಯನ್ನು ನೋಡುತ್ತಲೇ ಬೇರೊಂದನ್ನು ಓದುವುದು ಎಷ್ಟು ಸುಲಭವೆಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಗಿತ್ತು. ಆ ಹೇಸಿಗೆ ಗುರುವಾರ ಬರುವಷ್ಟರಲ್ಲಿ ಹೋಗುತ್ತಿತ್ತು.

ಮೊನ್ನೆ ಮೊಬೈಲಿನ ವಿಡಿಯೊ ಒಂದರಲ್ಲಿ ಯಾರೋ ಮಾತಾಡಿದ್ದನ್ನು ಕೇಳಿ ವೀರೇಂದ್ರ ಒಮ್ಮೆಲೇ ತೀರ್ಮಾನಕ್ಕೆ ಬಂದಿದ್ದ. ಕಡಿಮೆ ಓಡಿದ ಗಾಡಿಗೇ ಬೇಗ ಬದಲಾಯಿಸಬೇಕಂತೆ. ಬೆಂಗಳೂರಿನಲ್ಲಿ ದೊಡ್ಡ ಕಾರುಗಳ ಸರ್ವಿಸ್ ಮಾಡಿಕೊಂಡಿದ್ದ ಮನೋಹರ ಎಂಬವನು ಭದ್ರಾವತಿಯಲ್ಲಿ ಸ್ವಂತ ಗ್ಯಾರೇಜು ತೆರೆದಿದ್ದಾನೆಂದು ಗೊತ್ತುಮಾಡಿಕೊಂಡು ತಾನೇ ಫೋನು ಮಾಡಿದ್ದ. ರೇಣುಕಾಪ್ರಸಾದ್ ಶಿಕಾರಿಪುರಕ್ಕೆ ಮದುವೆಗೆ ಹೋಗಿದ್ದರಿಂದ ಶಾಂಭವಿಯೇ ಓಡಿಸಬೇಕಾಯಿತು. ‘ನಾನು ಪಕ್ಕದಲ್ಲಿ ಇರ್ತೀನಲ್ಲ, ಹೇಳ್ಕೊಡ್ತೀನಿ,’ ಎಂದಿದ್ದ. ಮಲವಗೊಪ್ಪ ದಾಟಿತು. ಅವನು ಹೇಳಿಕೊಡುತ್ತಲೇ ಇದ್ದ. ಎಂಜಿನ್ನಿನ ಸದ್ದಿನಿಂದಲೇ ಎಷ್ಟನೆಯ ಗೇರು ಎಂದು ಅವನಿಗೆ ತಿಳಿಯುತ್ತಿತ್ತು. ‘ಈಗ ನಾಲ್ಕು. ಈಗ ಐದಕ್ಕೆ ಹೋಯ್ತು ನೋಡು. ತಾನೇ ಬದಲಾಯಿಸ್ಕೊಳತ್ತೆ, ನೀನು ಗಾಬರಿ ಆಗ್ಬೇಡ.’ ಅವಳು ಹೂಂಗುಟ್ಟಿದಳು. ಖಾಸಗಿ ಬಸ್ಸೊಂದು ಹಾರನ್ನು ಒತ್ತಿಹಿಡಿದು ಪಕ್ಕದಲ್ಲಿ ನುಗ್ಗಿ ಮುಂದೆ ಹೋಯಿತು. ಅದನ್ನು ಹಿಂದೆ ಹಾಕಲು ಎರಡು ಕ್ಷಣ ಸಾಕೆಂದು ಅವಳ ಬಲಗಾಲಿಗೆ ಗೊತ್ತಿತ್ತು. ಕಾಲನ್ನು ಹಿಂದಕ್ಕೆಳೆದುಕೊಂಡಳು. ‘ಹೋಗ್ಲಿ ಬಿಡು, ನಿನ್ನ ಕೈಲಿ ಆಗಲ್ಲ ಅದು,’ ಎಂದು ಅವನು ಮೃದುವಾಗಿ ಹೇಳಿದ. ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಹೊಡೆಸಿಕೊಳ್ಳಲು ತಾನೇ ಕೆನ್ನೆ ಒಡ್ಡಿದ್ದೇನೆ ಎಂಬುದೂ ಹೊಳೆಯಿತು. ಎದುರಿನ ಗಾಜಿನ ಕೆಳಗೆ ಅಂಕಿ ಉರಿಯುತ್ತಿತ್ತು: ಹದಿನಾಲ್ಕು ಸಾವಿರದ ಇನ್ನೂರ ಐವತ್ತಮೂರು. ಮಾಚೇನಹಳ್ಳಿಯ ಕಾರ್ಖಾನೆಗಳ ಹತ್ತಿರ ಐವತ್ತೇಳು. ಗ್ಯಾರೇಜಿನವರು ಮೊದಲು ಬರೆದುಕೊಳ್ಳುವುದೇ ಕಿಲೋಮೀಟರು. ಬರೆದುಕೊಳ್ಳುವಾಗ ಗಟ್ಟಿಯಾಗಿ ಓದುತ್ತಾರೆ. ನಿನ್ನೆ ಎರಡು ಸಲ ಮನೋಹರನ ನಂಬರು ಒತ್ತಿ, ಅವನು ಎತ್ತುವ ಮೊದಲೇ ಇಟ್ಟಿದ್ದಳು. ಏನೆಂದು ಹೇಳುವುದು. ನನ್ನ ಗಂಡನಿಗೆ ಕಣ್ಣು ಕಾಣುವುದಿಲ್ಲ, ನೀವು ಬಾಯಿ ಬಿಡಬೇಡಿ ಎಂದೇ.

ಗ್ಯಾರೇಜು ಜನ್ನಾಪುರದ ಕಡೆಯ ಒಂದು ಅಡ್ಡರಸ್ತೆಯಲ್ಲಿತ್ತು. ಮನೋಹರ ನಲವತ್ತರ ಒಳಗಿನವನು, ಕನ್ನಡದ ನಡುವೆ ಯಾರಿಗೋ ಫೋನಿನಲ್ಲಿ ತಮಿಳು ಮಾತಾಡಿ ಮುಗಿಸಿ ಬಂದ. ವೀರೇಂದ್ರನ ಕೈ ಹಿಡಿದು ಕುರ್ಚಿಯ ತನಕ ಕರೆದುಕೊಂಡು ಹೋಗಿ ಕೂರಿಸಿದ. ‘ನೀವು ಹೇಳಿದ್ದು ಸರಿ ಸರ್,’ ಅಂದ. ‘ಕಿಲೋಮೀಟರ್ ಲೆಕ್ಕ ದಿನಾ ಓಡೋ ಗಾಡಿಗೆ. ನಿಂತಿರೋ ಗಾಡಿಗೆ ವರ್ಷದ ಲೆಕ್ಕ. ನಿಂತಲ್ಲೇ ಎಂಜಿನ್ ಹಚ್ಚಿ ಆರಿಸಿದ್ರೆ ಗೇರ್‌ಬಾಕ್ಸ್ ಸರಿಯಾಗಿ ಬಿಸಿನೇ ಆಗಲ್ಲ, ಒಳಗೆ ತೇವ ಕೂತ್ಕೊಳತ್ತೆ. ಐದಾರು ವರ್ಷಕ್ಕೆ ಬದಲಾಯಿಸಿಬಿಡೋದೇ ಒಳ್ಳೇದು.’ ವೀರೇಂದ್ರನ ಮುಖ ಅರಳಿತು. ಹೆಂಡತಿ ಎಲ್ಲಿದ್ದಾಳೆಂದು ತಲೆಯನ್ನು ಓರೆ ಮಾಡಿ ಹುಡುಕಿ, ‘ಕೇಳಿದ್ಯಾ,’ ಎಂದ. ಮೂರು ವರ್ಷದಲ್ಲಿ ಇಷ್ಟು ಗೆಲುವಿನಲ್ಲಿ ಅವನು ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ. ಮನೋಹರ ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಅವಳು ಹಿಂದೆಯೇ ಹೋದಳು. ‘ಒಂದು ಮಾತು. ಕಿಲೋಮೀಟರ್ ಎಷ್ಟಾಗಿದೆ ಅಂತ ಅವರ ಎದುರಿಗೆ ಹೇಳ್ಬೇಡಿ,’ ಎಂದು ಪಿಸುಗುಟ್ಟಿದಳು. ಅವನು ನಲ್ಲಿ ನಿಲ್ಲಿಸಿ ಅವಳನ್ನು ನೋಡಿದ. ಅವನ ಕಣ್ಣಿನಲ್ಲಿ ಏನೇನೋ ಊಹೆಗಳು ಹಾದುಹೋಗುವುದು ಕಂಡಿತು. ಕ್ಲಾಸಿನಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಮಕ್ಕಳು ತನ್ನೆದುರು ಹೀಗೇ ನಿಲ್ಲುತ್ತಿದ್ದರಲ್ಲವೇ ಎನಿಸಿತು. ‘ಆಯ್ತು ಮೇಡಂ,’ ಎಂದು ಅವನು ಕೈ ಒರೆಸಿಕೊಳ್ಳುತ್ತ ಹೋದ.

ಕಾರಿಗೆ ಸ್ಕ್ಯಾನರ್ ಜೋಡಿಸಿ ಲಿಫ್ಟಿನ ಮೇಲೆ ಸಮನಾಗಿ ಎತ್ತಿದರು. ಎಂಜಿನ್ ಇನ್ನೂ ಬೆಚ್ಚಗಿತ್ತು. ಮನೋಹರ ಕೆಳಗಿನ ಬೋಲ್ಟ್ ಬಿಚ್ಚಿದಾಗ ಆಯಿಲ್ ದಾರದಂತೆ ಟ್ರೇಗೆ ಇಳಿಯಿತು. ವೀರೇಂದ್ರ ಎದ್ದು ಸದ್ದು ಬಂದ ಕಡೆಗೆ ಬಂದು ನಿಂತ. ಮನೋಹರ ಎರಡು ಬೆರಳಿನ ನಡುವೆ ಅದನ್ನು ಉಜ್ಜಿ, ಮೂಗಿನ ಹತ್ತಿರ ಹಿಡಿದು ನೋಡಿದ. ತಾನು ಏನು ಮಾತು ಕೊಟ್ಟಿದ್ದೇನೆಂಬುದು ಕೆಲಸದ ಗಮನದಲ್ಲಿ ಅವನಿಗೆ ಮರೆತುಹೋಗಿರಬೇಕು. ‘ಸರ್, ಇದು ನಿಂತಿದ್ದ ಗಾಡಿ ಆಯಿಲ್ ಥರ ಇಲ್ವಲ್ಲ. ತೇವ ಇಲ್ಲ, ಹುಳಿ ವಾಸನೆ ಇಲ್ಲ. ಚೆನ್ನಾಗಿ ಬಿಸಿಯಾಗಿ ಓಡಿದೆ ಗಾಡಿ,’ ಎಂದ. ‘ಎಲ್ಲಿ ಓಡಿದೆ ಮಾರಾಯ, ಒಂಬತ್ತು ಸಾವಿರದ ಆರುನೂರ ನಲವತ್ತು ಅಷ್ಟೆ,’ ಅಂದ ವೀರೇಂದ್ರ ನಗುತ್ತ. ಮನೋಹರ ಬೆರಳಿಗಂಟಿದ ಆಯಿಲನ್ನು ಬಟ್ಟೆಗೆ ಒರೆಸತೊಡಗಿದ. ಒರೆಸುವುದು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ವೀರೇಂದ್ರನ ನಗು ಹಾಗೆಯೇ ಮುಖದ ಮೇಲೆ ನಿಂತಿತು. ‘ನಿನ್ನ ಮೆಷಿನ್ ಹಾಕಿದ್ದೀಯಲ್ಲ, ಅದ್ರಲ್ಲೂ ಬರ್ತದೆ. ಎಷ್ಟು, ಓದಪ್ಪ,’ ಎಂದ. ಮನೋಹರ ಸ್ಕ್ಯಾನರನ್ನು ಎತ್ತಿಕೊಂಡು ಪರದೆಯನ್ನು ನೋಡಿದ, ಅವಳನ್ನು ನೋಡಿದ. ‘ಒಂಬತ್ತು ಸಾವಿರ ಚಿಲ್ಲರೆ ಇದೆ ಸರ್.’ ‘ಚಿಲ್ಲರೆ ಎಷ್ಟು?’ ವೀರೇಂದ್ರ ಆಗ ಹೇಳಿದ ಅಂಕಿ ಮನೋಹರನಿಗೆ ನೆನಪಿರಲಿಲ್ಲ. ಅವನು ಹುಬ್ಬೇರಿಸಿ ಶಾಂಭವಿಯತ್ತ ತಿರುಗಿದ. ಶಾಂಭವಿ ಆರು ಬೆರಳು ಎತ್ತಿದಳು, ಆಮೇಲೆ ನಾಲ್ಕು. ಎತ್ತಿದ ಕೈ ಇಳಿಸುವ ಮೊದಲೇ ವೀರೇಂದ್ರ, ತಲೆಯನ್ನು ಒಂದಿಷ್ಟೂ ತಿರುಗಿಸದೆ, ‘ಸನ್ನೆ ಮಾಡ್ಬೇಡ ಶಾಂಭವಿ. ಪಕ್ಕದಲ್ಲಿ ಆಡೋದು ನಂಗೆ ಕಾಣ್ಸತ್ತೆ,’ ಎಂದ.

ಆಯಿಲ್ ಹನಿಯುವುದು ಕೇಳುತ್ತಿತ್ತು. ಅವಳು ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಬಚ್ಚಿಡುವುದೂ ಅವನಿಗೆ ಕಾಣುತ್ತಿರಬಹುದು ಎನಿಸಿ ಹೊರಗೆ ತೆಗೆದಳು. ‘ಹದಿನಾಲ್ಕು ಸಾವಿರದ ಇನ್ನೂರ ಅರವತ್ತೆಂಟು,’ ಎಂದಳು. ತನ್ನ ದನಿ ಕ್ಲಾಸಿನಲ್ಲಿ ಉತ್ತರ ಹೇಳಿದ ಹಾಗೆ ಸ್ಪಷ್ಟವಾಗಿ ಬಂದದ್ದು ಅವಳಿಗೆ ಅಸಹ್ಯವೆನಿಸಿತು. ‘ನಾನೇ ಓಡಿಸಿದ್ದು. ಮೂರು ವರ್ಷದಿಂದ. ಗುರುವಾರ ಗುರುವಾರ.’ ವೀರೇಂದ್ರ ಹಿಂದೆ ಕೈ ಚಾಚಿ ಕುರ್ಚಿಯನ್ನು ಹುಡುಕಿದ, ಅದು ಅಲ್ಲಿರಲಿಲ್ಲ. ಅವಳು ಮುಂದೆ ಬಂದಳು. ಅವನು ಕೈ ಸರಿಸಿ ಮನೋಹರನ ಭುಜ ಹಿಡಿದುಕೊಂಡ. ‘ಬಾನೆಟ್ ಒಳಗೆ ಚೀಟಿ ಅಂಟಿಸ್ತೀಯಲ್ಲ, ಅದ್ರಲ್ಲಿ ಸರಿಯಾದ್ದೇ ಬರಿ,’ ಎಂದು ಅವನಿಗೆ ಹೇಳಿದ. ಮನೋಹರ ಫಿಲ್ಟರ್ ಬದಲಾಯಿಸಿದ, ಹೊಸ ಆಯಿಲ್ ತುಂಬಿದ, ಎಂಜಿನ್ ಹಚ್ಚಿ ಆಯಿಲ್ ನಲವತ್ತು ಡಿಗ್ರಿ ಬಿಸಿಗೆ ಬರುವುದನ್ನು ಕಾದು, ಹೆಚ್ಚಾದದ್ದು ಹರಿದುಹೋಗಲು ಬಿಟ್ಟು, ಬೋಲ್ಟ್ ಬಿಗಿದ. ಅಷ್ಟು ಹೊತ್ತೂ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಗುರುವಾರಗಳು ಎಷ್ಟಿವೆಯೆಂದು ಅವಳ ಕಣ್ಣು ತಾನಾಗಿ ಎಣಿಸುತ್ತಿತ್ತು.

ಹಿಂದಿರುಗುವಾಗ ಅವನು ಹಿಂದಿನ ಸೀಟಿನಲ್ಲಿ ಕೂತ. ಬಾಗಿಲನ್ನು ತಾನೇ ತಡವಿ ತೆರೆದು, ತಾನೇ ಹಾಕಿಕೊಂಡ. ಈಗ ನಟಿಸಬೇಕಾಗಿರಲಿಲ್ಲ. ಗೇರುಗಳು ಒಂದರೊಳಗೊಂದು ಜಾರುವುದು ಗೊತ್ತೇ ಆಗುತ್ತಿರಲಿಲ್ಲ. ಚೆನ್ನಾಗಿ ಓಡಿಸುತ್ತಿದ್ದೇನೆಂಬುದೇ ಅವಳಿಗೆ ಹಿಂಸೆಯಾಯಿತು. ಹಿಂದಿನಿಂದ ದನಿ ಬಂತು. ‘ಹಾಲಮ್ಮನಿಗೆ ಗೊತ್ತಿತ್ತಾ?’ ‘ಹೂಂ.’ ‘ರೇಣುಕನಿಗೆ?’ ‘ಇಲ್ಲ ರೀ.’ ‘ಬೀದಿಗೆಲ್ಲ ಗೊತ್ತಿತ್ತು ಅನ್ನು.’ ಆಮೇಲೆ, ಎಷ್ಟು ಜೋರಾಗಿ ಹೋಗಿದ್ದೆ ಎಂದು ಕೇಳಿದ. ‘ಒಂದ್ಸಲ ನೂರಾ ಅರವತ್ತು. ಸೋಗಾನೆ ಹತ್ರ.’ ಹಿಂದೆ ದೀರ್ಘವಾದ ಉಸಿರು ಕೇಳಿತು. ‘ನಾನು ನೂರು ದಾಟಿಸಿಲ್ಲ ಇದನ್ನ. ಭಯ ಆಗ್ತಿತ್ತು,’ ಅಂದ. ಅವಳು ಕನ್ನಡಿಯಲ್ಲಿ ನೋಡಿದಳು. ಅವನು ಕಿಟಕಿಯ ಕಡೆ ಮುಖ ಮಾಡಿದ್ದ; ಹಾಗೆ ಮುಖ ಮಾಡಿದಾಗಲೇ ಅವನಿಗೆ ಅವಳು ಚೆನ್ನಾಗಿ ಕಾಣುವುದು ಎಂಬುದು ಅವಳಿಗೆ ತಡವಾಗಿ ನೆನಪಾಯಿತು. ಕೋಪ ಮಾಡಿಕೊಳ್ಳಲಿ, ಬೈಯಲಿ, ಶಿವಮೊಗ್ಗ ಬರುವುದರೊಳಗೆ ಬೈದು ಮುಗಿಸಲಿ ಎಂದು ಕಾದಳು. ಮಾಚೇನಹಳ್ಳಿ ದಾಟಿದ ಮೇಲೆ ಅವನು ಕೇಳಿದ: ‘ಕಾರು ಓಡಿಸಿದ್ದು ಬಿಡು. ಎದುರಿಗಿರೋದನ್ನ ನೋಡ್ಕೊಂಡು ಬೇರೆ ಓದ್ತಿದ್ದೆಯಲ್ಲ ಪ್ರತಿ ತಿಂಗಳೂ. ಇನ್ನೇನೇನು ಹಾಗೆ ಓದಿದ್ದೀಯ ನಂಗೆ?’

ಏನೂ ಇಲ್ಲ ಎನ್ನಲು ಬಾಯಿ ತೆರೆದಳು. ಇಲ್ಲ ಎಂದರೂ ಅವನು ನಂಬುವುದಿಲ್ಲ ಎಂದು ಅದೇ ಕ್ಷಣ ತಿಳಿಯಿತು. ಇನ್ನು ಮುಂದೆ ನಿಜ ಹೇಳಿದರೂ ಅಷ್ಟೆ. ಕಾರನ್ನು ರಸ್ತೆಯ ಪಕ್ಕಕ್ಕೆ ಇಳಿಸಿ ನಿಲ್ಲಿಸಿದಳು. ಐದು ವಾರದ ಹಿಂದೆ ಕಣ್ಣಿನ ಆಸ್ಪತ್ರೆಯಿಂದ ಸ್ಕ್ಯಾನಿನ ರಿಪೋರ್ಟು ಅವಳ ಫೋನಿಗೆ ಬಂದಿತ್ತು. ಅವನು ಹಜಾರದಲ್ಲಿ ಕೂತು ಕಾಫಿ ಕುಡಿಯುತ್ತಿದ್ದ, ರಶ್ಮಿಯ ಹಳೆಯ ಯಾವುದೋ ತಮಾಷೆ ನೆನೆದು ನಗುತ್ತಿದ್ದ. ಎಡಗಣ್ಣಿನಲ್ಲೂ ಬದಲಾವಣೆ ಹೆಚ್ಚಾಗಿದೆ, ಎರಡು ತಿಂಗಳ ಒಳಗೆ ಬಂದು ಚಿಕಿತ್ಸೆ ಶುರು ಮಾಡಿಸಿಕೊಳ್ಳಿ, ಆಮೇಲೆ ಪ್ರತಿ ತಿಂಗಳೂ ಒಂದು ಗುರುವಾರ ಬರಬೇಕು ಎಂದಿತ್ತು. ಅವಳು ‘ಮೊದಲಿನ ಹಾಗೇ ಇದೆಯಂತೆ, ಆರು ತಿಂಗಳಿಗೆ ಬನ್ನಿ ಅಂದಿದ್ದಾರೆ’ ಎಂದು ಓದಿದ್ದಳು. ನಗುತ್ತಿದ್ದವನ ನಗು ಕೆಡಿಸಬಾರದು, ಒಂದು ವಾರ ಬಿಟ್ಟು ಹೇಳೋಣ ಎಂದುಕೊಂಡಿದ್ದಳು. ಹಾಗೆಂದೇ ಈ ಐದು ವಾರ ನಂಬಿದ್ದಳು. ಈಗ, ಲಾರಿಗಳು ಹಾದುಹೋದಾಗಲೆಲ್ಲ ನಡುಗುತ್ತಿದ್ದ ಕಾರಿನಲ್ಲಿ ಕೂತು, ಆ ಸಾಲಿನಲ್ಲಿದ್ದ ಗುರುವಾರ ಎಂಬ ಶಬ್ದವನ್ನು ತಾನು ಎಷ್ಟು ಹೊತ್ತು ನೋಡಿದ್ದೆ ಎಂಬುದು ಅವಳಿಗೆ ನೆನಪಾಯಿತು. ಹಿಂದಕ್ಕೆ ತಿರುಗದೆ ಎಲ್ಲವನ್ನೂ ಹೇಳಿದಳು. ಗುರುವಾರವನ್ನೂ ಹೇಳಿದಳು. ಫೋನು ತೆಗೆದು ರಿಪೋರ್ಟನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು.

ಅವನು ಕೇಳಿಸಿಕೊಂಡ. ‘ಇನ್ನೊಂದ್ಸಲ ಓದು,’ ಎಂದ. ಓದಿದಳು. ‘ಎರಡು ಸಲವೂ ಒಂದೇ ಬಂತು,’ ಎಂದ, ತನಗೇ ಹೇಳಿಕೊಳ್ಳುವವನ ಹಾಗೆ. ಅವಳು ಕಾರನ್ನು ಮತ್ತೆ ರಸ್ತೆಗೆ ಹತ್ತಿಸಿದಳು.

ಮಾರನೆಯ ವಾರ ಆಸ್ಪತ್ರೆಗೆ ಅವನನ್ನು ಕರೆದುಕೊಂಡು ಹೋದದ್ದು ರೇಣುಕಾಪ್ರಸಾದ್. ಕೈ ಮೀರಿಲ್ಲ, ಇಂಜೆಕ್ಷನ್ ಶುರು ಮಾಡೋಣ ಎಂದರಂತೆ ಡಾಕ್ಟರು. ಅದನ್ನು ಅವಳಿಗೆ ಹೇಳಿದ್ದೂ ಮೈದುನನೇ. ತಾನೂ ಬರುತ್ತೇನೆಂದು ಅವಳು ಕೇಳಿಕೊಂಡಿದ್ದಳು. ‘ಬೇಡ, ನಿಂಗೆ ಗುರುವಾರ ಬೇಕಲ್ಲ,’ ಎಂದಿದ್ದ ವೀರೇಂದ್ರ. ಚುಚ್ಚಲು ಹೇಳಿದ್ದೋ ನಿಜವಾಗಿ ಹೇಳಿದ್ದೋ ಅವಳಿಗೆ ತಿಳಿಯಲಿಲ್ಲ. ಅವತ್ತು ಸಂಜೆ ಊಟದ ಮೇಜಿನ ಮೇಲೆ ಕಾರಿನ ಕೀಲಿಯನ್ನು ಇಟ್ಟು ಅವಳ ಕಡೆಗೆ ತಳ್ಳಿದ. ‘ಗಾಡಿ ನೀನೇ ಓಡಿಸು. ಕದ್ದು ಓಡಿಸ್ಬೇಡ. ನಿಂತ್ರೆ ಕೆಡತ್ತೆ ಅಂತ ಮನೋಹರನೇ ಹೇಳಿದ್ನಲ್ಲ. ನಂಗೆ ಓದಿ ಹೇಳೋದೊಂದು ಬಿಟ್ಟುಬಿಡು, ಸಾಕು,’ ಎಂದ. ಅವಳು ಕೀಲಿ ಮುಟ್ಟಲಿಲ್ಲ. ಎರಡು ದಿನ ಅದು ಉಪ್ಪಿನ ಡಬ್ಬಿಯ ಪಕ್ಕದಲ್ಲೇ ಇತ್ತು.

ರಶ್ಮಿ ಹಾಸ್ಟೆಲಿನಿಂದ ಫೋನು ಮಾಡಿ ಮೊಬೈಲಿನಲ್ಲೇ ಓದುವ ವ್ಯವಸ್ಥೆಯೊಂದನ್ನು ಅಪ್ಪನಿಗೆ ಕಲಿಸಿಕೊಟ್ಟಳು. ಮರುದಿನ ಬೆಳಿಗ್ಗೆ ಶಾಂಭವಿ ಅಡುಗೆಮನೆಯಲ್ಲಿದ್ದಾಗ ಹಜಾರದಿಂದ ಯಂತ್ರದ ಹೆಣ್ಣುದನಿಯೊಂದು ಪತ್ರಿಕೆ ಓದುವುದು ಕೇಳತೊಡಗಿತು. ಏರಿಳಿತವಿಲ್ಲದ, ಎಲ್ಲೆಂದರಲ್ಲಿ ಕತ್ತರಿಸಿದಂಥ ಕನ್ನಡ. ಊರುಗಳ ಹೆಸರುಗಳನ್ನು ಮುರಿದು ಓದುತ್ತಿತ್ತು. ಶಿಕಾರಿಪುರ ಶಿಕಾರಿ ಬೇರೆ ಪುರ ಬೇರೆಯಾಗಿ ಬಂತು. ಅಡಿಕೆ ಧಾರಣೆಯ ಸಾಲಿನಲ್ಲಿ ಸಾವಿರದ ಅಂಕಿಯನ್ನು ಬಿಡಿಬಿಡಿಯಾಗಿ, ನಾಲ್ಕು ಎಂಟು ಐದು ಸೊನ್ನೆ ಸೊನ್ನೆ ಎಂದು ಹೇಳಿತು. ವೀರೇಂದ್ರ ಅದನ್ನು ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಕೇಳಿಸಿಕೊಂಡ. ಅಂಕಿಗಳನ್ನು ಬೆರಳಿನ ಗೆಣ್ಣಿನ ಮೇಲೆ ಒಂದೊಂದಾಗಿ ಎಣಿಸಿ ಕೂಡಿಸಿಕೊಳ್ಳುತ್ತಿದ್ದ. ನಲವತ್ತೆಂಟು ಸಾವಿರದ ಐನೂರು ಎಂದು ಅವಳಿಗೆ ನಾಲಿಗೆಯ ತುದಿಯವರೆಗೆ ಬಂತು. ಒಲೆ ಆರಿಸಿ, ಬಾಗಿಲಿನ ಚೌಕಟ್ಟಿಗೆ ಕೈಯಾನಿಸಿಕೊಂಡು, ಅವನು ತಾನಾಗಿ ಆ ಸಂಖ್ಯೆಗೆ ಬಂದು ಮುಟ್ಟುವವರೆಗೆ ನಿಂತೇ ಇದ್ದಳು.